ಬುಡು ಅನ್ನುವವರೆಗೆ

ಕಡಕೊಳದ ಕಾರ್ಖಾನೆಯಲ್ಲಿ ನನಗೆ ಕೊಟ್ಟಿದ್ದ ಕೋಣೆಯಲ್ಲಿ ಮೊದಲು ಹಳೇ ಫೈಲುಗಳನ್ನು ಇಡುತ್ತಿದ್ದರಂತೆ. ಒಂದು ಉದ್ದ ಮೇಜು, ಎದುರುಬದುರು ಎರಡು ಕುರ್ಚಿ, ತೆರೆಯಲಾಗದ ಒಂದು ಕಿಟಕಿ. ಗೋಡೆಯ ಆಚೆಗೆ ಕಂಪ್ರೆಸರ್ ಇತ್ತು. ಅದು ಶುರುವಾದಾಗಲೆಲ್ಲ ಮೇಜಿನ ಮೇಲಿನ ಲೋಟದ ನೀರು ನಡುಗುತ್ತಿತ್ತು. ಅಂಥ ಕಡೆ ಕೂತು ನಾನು ಮೂವತ್ತೊಂದು ಜನರ ಪ್ರತಿಕ್ರಿಯೆಯ ಸಮಯವನ್ನು, ಅಂದರೆ ದೀಪ ಹೊತ್ತಿದ ಕ್ಷಣದಿಂದ ಕೈ ಗುಂಡಿ ಒತ್ತುವವರೆಗಿನ ಹೊತ್ತನ್ನು, ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಅಳೆಯಬೇಕಿತ್ತು.

ತಗಡನ್ನು ಒತ್ತಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ ಅದು. ನಾನು ಹೋಗುವುದಕ್ಕೆ ಎರಡು ತಿಂಗಳ ಮುಂಚೆ ಪ್ರೆಸ್ ವಿಭಾಗದಲ್ಲಿ ಕೆಲಸಗಾರನೊಬ್ಬನ ಎರಡು ಬೆರಳಿನ ತುದಿ ಹೋಗಿತ್ತು. ಆಪರೇಟರುಗಳಿಗೆ ವಯಸ್ಸಾಗಿದೆ, ಮಂದವಾಗಿದ್ದಾರೆ, ಅದಕ್ಕೇ ಹೀಗಾಯಿತು ಎಂದು ಆಡಳಿತದವರು ತೀರ್ಮಾನಿಸಿದ್ದರು. ಯಾರು ಎಷ್ಟು ಚುರುಕು ಎಂದು ಅಳೆದುಕೊಡಿ ಎಂಬ ಕೋರಿಕೆ ನಮ್ಮ ಮನಶ್ಶಾಸ್ತ್ರದ ಪ್ರಯೋಗಾಲಯಕ್ಕೆ ಬಂತು. ಎರಡು ವಾರದ ಕೆಲಸ, ಮುಗಿಸಿಕೊಂಡು ಬಂದುಬಿಡಿ ಎಂದು ನಮ್ಮ ಪ್ರಾಧ್ಯಾಪಕರು ನನ್ನನ್ನು ಕಳಿಸಿದರು.

ನನ್ನನ್ನೇ ಯಾಕೆ ಕಳಿಸಿದರು ಅಂದರೆ ನಾನು ಕೆಲಸ ಬೇಗ ಮುಗಿಸುತ್ತೇನೆ. ಅದು ನನ್ನ ಗುಣವೂ ಹೌದು, ರೋಗವೂ ಹೌದು. ಕಾಯುವುದು ನನಗೆ ಬರುವುದೇ ಇಲ್ಲ. ಕುವೆಂಪುನಗರದ ಮನೆಯಿಂದ ಹೊರಟರೆ ನಂಜನಗೂಡು ರಸ್ತೆಗೆ ಸೇರುವಷ್ಟರಲ್ಲಿ ಮೂರು ಸಿಗ್ನಲ್ ಸಿಗುತ್ತವೆ. ಮೂರರಲ್ಲೂ ಹಸಿರು ಬೀಳುವ ಮೊದಲೇ ನನ್ನ ಸ್ಕೂಟರು ಬಿಳಿ ಗೆರೆ ದಾಟಿ ನಿಂತಿರುತ್ತದೆ. ಮಾತಾಡುವವರ ವಾಕ್ಯವನ್ನು ಅರ್ಧದಲ್ಲೇ ಕಿತ್ತುಕೊಂಡು ನಾನೇ ಮುಗಿಸುತ್ತೇನೆ ಎಂದು ಅಮ್ಮ ಬೈಯುತ್ತಾಳೆ. ಈ ಸ್ವಭಾವದವಳು ಬೇರೆಯವರು ಎಷ್ಟು ತಡಮಾಡುತ್ತಾರೆ ಎಂದು ಅಳೆಯಲು ಹೊರಟಿದ್ದೆ.

ಮೊದಲ ಮೂರು ದಿನದ ಅಳತೆಯನ್ನು ಪೂರ್ತಿ ಎಸೆಯಬೇಕಾಯಿತು. ತಪ್ಪು ನನ್ನದೇ. ಹೊತ್ತುಕೊಂಡು ಹೋಗಲು ಸುಲಭ ಎಂದು ವೈರ್ ಇಲ್ಲದ ಕೀಲಿಮಣೆ ಒಯ್ದಿದ್ದೆ. ಒಬ್ಬನೇ ಮನುಷ್ಯನ ಸಮಯ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಬರತೊಡಗಿತು. ಮೂರನೆಯ ದಿನ ಸಂಜೆ ಅನುಮಾನ ಬಂದು ಪರೀಕ್ಷಿಸಿದರೆ, ಕೀಲಿ ಒತ್ತಿದ ಸುದ್ದಿ ಲ್ಯಾಪ್‌ಟಾಪಿಗೆ ಮುಟ್ಟುವುದೇ ಒಮ್ಮೆ ಬೇಗ, ಒಮ್ಮೆ ತಡ. ನಾನು ಅಷ್ಟು ದಿನ ಆಪರೇಟರುಗಳನ್ನಲ್ಲ, ಕೀಲಿಮಣೆಯನ್ನು ಅಳೆದಿದ್ದೆ. ಪರದೆಯೂ ನಂಬುವಂತಿರಲಿಲ್ಲ, ಅದರ ಚಿತ್ರ ಬದಲಾಗುವುದೇ ಸೆಕೆಂಡಿಗೆ ಅರವತ್ತು ಸಲ, ಅಷ್ಟರೊಳಗಿನ ವ್ಯತ್ಯಾಸ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾಗಿ ಒಂದು ಭಾನುವಾರ ಪೂರ್ತಿ ಕೂತು ಹೊಸ ಪೆಟ್ಟಿಗೆ ಮಾಡಿದೆ. ಕೆಂಪು, ಹಸಿರು ಎರಡು ದೀಪ. ಪ್ರೆಸ್ ಯಂತ್ರದಲ್ಲಿ ಇರುವಂಥದ್ದೇ ಅಂಗೈಯಗಲದ ಎರಡು ಗುಂಡಿ. ಒಂದು ಸಣ್ಣ ಸರ್ಕ್ಯೂಟು ಸಮಯವನ್ನು ತಾನೇ ಎಣಿಸಿ ಲ್ಯಾಪ್‌ಟಾಪಿಗೆ ಕಳಿಸುತ್ತಿತ್ತು. ದೀಪದ ಪೆಟ್ಟಿಗೆ ಮೇಜಿನ ನಡುವೆ, ಗುಂಡಿಗಳು ಆಪರೇಟರ್ ಕಡೆ, ಅವರ ಎದುರಿನ ಕುರ್ಚಿಯಲ್ಲಿ ನಾನು. ಪಕ್ಕದಲ್ಲಿ ಸ್ಟ್ಯಾಂಡಿಗೆ ನನ್ನ ಮೊಬೈಲು ಸಿಕ್ಕಿಸಿ, ಅವರು ಕೈಯನ್ನು ಗುಂಡಿಯ ಮೇಲೇ ಇಟ್ಟಿದ್ದಾರೋ ಇಲ್ಲವೋ ನೋಡಲೆಂದು ವಿಡಿಯೊ ಹಿಡಿದಿಟ್ಟುಕೊಳ್ಳುತ್ತಿದ್ದೆ. ಎಲ್ಲ ಸರಿಯಾಗಿತ್ತು, ದೀಪದ ಪೆಟ್ಟಿಗೆಯ ಹಿಂದಿನ ವೈರ್ ಒಂದನ್ನು ಬಿಟ್ಟು. ಕಂಪ್ರೆಸರ್ ಅದುರಿಸಿದಾಗ ಅದು ಸಡಿಲವಾಗುತ್ತಿತ್ತು. ಬೆಸುಗೆ ಹಾಕಲು ಮತ್ತೊಂದು ದಿನ ಬೇಕು. ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು, ಸಡಿಲವಾದಾಗ ಎದುರಿನಿಂದ ಬೆರಳು ಚಾಚಿ ಒತ್ತಿ ಹಿಡಿದರಾಯಿತು ಅಂದುಕೊಂಡೆ.

ಪರೀಕ್ಷೆ ಮೂರು ಬಗೆಯದು. ಮೊದಲನೆಯದರಲ್ಲಿ ಒಂದೇ ದೀಪ. ಹೊತ್ತಿದ ತಕ್ಷಣ ಒತ್ತಬೇಕು. ಎರಡನೆಯದರಲ್ಲಿ ಹಸಿರಿಗೆ ಮಾತ್ರ ಒತ್ತಬೇಕು, ಕೆಂಪಿಗೆ ಸುಮ್ಮನಿರಬೇಕು. ಮೂರನೆಯದರಲ್ಲಿ ಹಸಿರಿಗೆ ಬಲಗೈ, ಕೆಂಪಿಗೆ ಎಡಗೈ. ಕಾಣುವುದು, ಯಾವ ದೀಪ ಎಂದು ಗುರುತಿಸುವುದು, ಯಾವ ಕೈ ಎಂದು ಆರಿಸುವುದು, ಒತ್ತುವುದು, ಹೀಗೆ ಮನಸ್ಸಿನ ಕೆಲಸ ಒಂದರ ನಂತರ ಒಂದು ಮೆಟ್ಟಿಲಲ್ಲಿ ನಡೆಯುತ್ತದೆ ಎಂದು ಇಟ್ಟುಕೊಳ್ಳಿ. ಎರಡನೆಯ ಪರೀಕ್ಷೆಯ ಸಮಯದಿಂದ ಮೊದಲನೆಯದರ ಸಮಯವನ್ನು ಕಳೆದರೆ ಗುರುತಿಸುವುದಕ್ಕೆ ಹಿಡಿದ ಹೊತ್ತು ಸಿಗುತ್ತದೆ. ಮೂರನೆಯದರಿಂದ ಎರಡನೆಯದನ್ನು ಕಳೆದರೆ ಆರಿಸುವುದಕ್ಕೆ ಹಿಡಿದ ಹೊತ್ತು. ಒಂದೂವರೆ ಶತಮಾನದ ಹಿಂದೆ ಯೂರೋಪಿನ ಕಣ್ಣಿನ ವೈದ್ಯರೊಬ್ಬರು ಕಂಡುಕೊಂಡ ಉಪಾಯ ಇದು. ತಲೆ ತೆರೆಯದೆ ತಲೆಯ ಒಳಗಿನ ಹೊತ್ತನ್ನು ಕಳೆಯುವ ಲೆಕ್ಕದಿಂದ ಹಿಡಿಯಬಹುದು ಎಂಬುದನ್ನು ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ. ಇವತ್ತಿಗೂ ಅದು ನನಗೆ ಪ್ರೀತಿಯ ಉಪಾಯ.

ಎಂಟನೆಯ ದಿನ ಹಿರಿಯ ಆಪರೇಟರ್ ಒಬ್ಬರು ಬಂದರು. ಐವತ್ತಾರು ವಯಸ್ಸು, ಹಣೆಯ ಮೇಲೆ ವಿಭೂತಿ, ತೋಳು ಮಡಚಿದ ನೀಲಿ ಅಂಗಿ. ಇಪ್ಪತ್ತಾರು ವರ್ಷದಿಂದ ಅಲ್ಲಿನ ದೊಡ್ಡ ಪ್ರೆಸ್ಸಿನ ಮುಂದೆ ನಿಂತವರು. ಮೊದಲ ಪರೀಕ್ಷೆ ಸರಾಗವಾಗಿ ಮುಗಿಯಿತು. ಎರಡನೆಯದಕ್ಕೆ ಬರುವ ಹೊತ್ತಿಗೆ ಕಂಪ್ರೆಸರ್ ಶುರುವಾಯಿತು, ನಾನು ಎಂದಿನಂತೆ ವೈರ್ ಒತ್ತಿ ಹಿಡಿದೆ. ಅವರ ಕೈ ನಿಧಾನವಾಯಿತು. ಹಸಿರು ದೀಪ ಹೊತ್ತಿ ಉರಿಯುತ್ತಿದ್ದರೂ ಒತ್ತದೆ ನನ್ನ ಕಡೆ ನೋಡುತ್ತಿದ್ದರು. ದೀಪ ನೋಡಿ ಸರ್, ನನ್ನನ್ನಲ್ಲ ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ನನ್ನ ದನಿಯಲ್ಲಿ ಸಿಡುಕು ಇತ್ತು, ಅದು ನನಗೇ ಕೇಳಿಸಿತು. ಅವರು ಆಯ್ತು ಕಣಮ್ಮ ಎಂದು ತಲೆಯಾಡಿಸಿ ಮತ್ತೆ ಹಾಗೇ ಮಾಡಿದರು.

ಅವರ ಅಂಕಿಗಳು ವಿಚಿತ್ರವಾಗಿದ್ದವು. ಮೊದಲನೆಯ ಪರೀಕ್ಷೆಯಲ್ಲಿ ಇನ್ನೂರ ತೊಂಬತ್ತು ಮಿಲಿಸೆಕೆಂಡು, ಉಳಿದವರಿಗಿಂತ ತುಸು ಹೆಚ್ಚು, ವಯಸ್ಸಿಗೆ ತಕ್ಕದ್ದೇ. ಎರಡನೆಯದರಲ್ಲಿ ಆರುನೂರ ನಲವತ್ತು. ಮೂರನೆಯದರಲ್ಲಿ ಆರುನೂರ ಎಂಬತ್ತು. ಅಂದರೆ ಯಾವ ಕೈ ಎಂದು ಆರಿಸುವುದಕ್ಕೆ ಅವರಿಗೆ ನಲವತ್ತೇ ಸಾಕು, ಹಸಿರೋ ಕೆಂಪೋ ಎಂದು ಗುರುತಿಸುವುದಕ್ಕೆ ಮುನ್ನೂರೈವತ್ತು ಬೇಕು. ಹೀಗೆ ಯಾರಿಗೂ ಆಗುವುದಿಲ್ಲ. ನಿಂತು ಯೋಚಿಸಬೇಕಾದ ಜಾಗ ಅದೇ ಆಗಿತ್ತು. ನಾನು ಬಣ್ಣ ಕಾಣುವುದರಲ್ಲಿ ತೊಂದರೆ ಇರಬಹುದು ಎಂದು ಅಂಚಿನಲ್ಲಿ ಬರೆದು ಮುಂದಿನವರನ್ನು ಕರೆದೆ.

ಶುಕ್ರವಾರ ಸಿಬ್ಬಂದಿ ವಿಭಾಗದ ಮ್ಯಾನೇಜರ್ ಬಾಗಿಲಲ್ಲಿ ನಿಂತರು. ಮುಖದಲ್ಲಿ ನನ್ನದೇ ಅವಸರ. ಕಾಣೋದು, ಗುರುತಿಸೋದು ಎಲ್ಲ ನಿಮ್ಮ ಪುಸ್ತಕದಲ್ಲಿ ಇರಲಿ, ನನಗೆ ಮೂವತ್ತೊಂದು ಹೆಸರಿನ ಎದುರು ಮೂವತ್ತೊಂದು ನಂಬರ್ ಬೇಕು ಎಂದರು. ಅಂತಿಮ ವರದಿಗೆ ಇನ್ನೂ ಎರಡು ವಾರ ಇತ್ತು. ಆದರೂ ನಾನು ಮೂರನೆಯ ಪರೀಕ್ಷೆಯ ಸಮಯವನ್ನು, ಸರಿಯಾಗಿ ಒತ್ತಿದವುಗಳನ್ನಷ್ಟೇ ತೆಗೆದುಕೊಂಡು, ಚುರುಕಿನಿಂದ ಮಂದಕ್ಕೆ ಜೋಡಿಸಿ, 'ಪ್ರಾಥಮಿಕ' ಎಂದು ಮೇಲೆ ಬರೆದು ಅಲ್ಲೇ ಕಳಿಸಿಬಿಟ್ಟೆ. ಕೆಲಸ ಮುಗಿದ ಹಗುರದಲ್ಲಿ ಮನೆಗೆ ಹೋಗುವಾಗ ಬೆಟ್ಟದ ಮೇಲಿನ ದೀಪಗಳು ಹೊತ್ತಿಕೊಂಡಿದ್ದನ್ನು ನೋಡಿದ್ದು ನೆನಪಿದೆ. ಪಟ್ಟಿಯ ಕೊನೆಯ ಹೆಸರು ಆ ಹಿರಿಯರದ್ದು.

ಸಾಮಾನು ತರಲೆಂದು ಬುಧವಾರ ಮತ್ತೆ ಹೋದೆ. ಪ್ಯಾಕಿಂಗ್ ವಿಭಾಗದ ಮುಂದೆ ಹಾದುಹೋಗುವಾಗ ಆ ಹಿರಿಯರು ಕಂಡರು. ರಟ್ಟಿನ ಡಬ್ಬಿಗಳನ್ನು ಮಡಚಿ ಅಂಟುಪಟ್ಟಿ ಹಾಕುತ್ತಿದ್ದರು. ಅಕ್ಕಪಕ್ಕದಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳು. ತಪ್ಪಿಸಿಕೊಂಡು ಹೋಗೋಣ ಅಂದುಕೊಂಡೆ, ಅಷ್ಟರಲ್ಲಿ ಅವರೇ ಎದ್ದು ಬಂದರು. ಬೈಯುತ್ತಾರೆ ಎಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವರು ತಮ್ಮ ಸುದ್ದಿಯನ್ನೇ ಎತ್ತಲಿಲ್ಲ.

"ನನ್ ಜೊತೆಗಾರ ಹಿಂದ್ಗಡೆ ನಿಂತ್ಕೊಂಡು ಒಳಗಿಂದ ಮಾಲು ತೆಗೀತಾನೆ. ಅವನ ಮುಂದೆ ಈಗ ಯಾರ್ನ ನಿಲ್ಸವ್ರೆ ಗೊತ್ತಾ? ನಿಮ್ ಲಿಸ್ಟ್ನಾಗೆ ಮೊದ್ಲು ಬಂದವನ್ನ. ಅವ್ನು ಒಳ್ಳೆ ಹುಡುಗ್ನೇ ಕಣಮ್ಮ. ಆದ್ರೆ ಬುಡು ಅನ್ನೋವರ್ಗೂ ತಡ್ಕಳಲ್ಲ."

ಏನು ಬುಡು ಅಂದರೆ ಎಂದು ಕೇಳಿದೆ. ಅವರು ನನ್ನನ್ನು ನೋಡಿದ ರೀತಿಯಲ್ಲಿ, ಇಷ್ಟು ದಿನ ಇಲ್ಲಿ ಏನು ಅಳೆಯುತ್ತಿದ್ದಿರಿ ಎಂಬ ಪ್ರಶ್ನೆ ಇತ್ತು. ಆಮೇಲೆ ಬಿಡಿಸಿ ಹೇಳಿದರು. ದೊಡ್ಡ ಪ್ರೆಸ್ಸಿಗೆ ಇಬ್ಬರು ಬೇಕು. ಮುಂದಿರುವವನು ತಗಡು ಇಟ್ಟು, ಎರಡೂ ಅಂಗೈಯಿಂದ ಎರಡು ಗುಂಡಿ ಒತ್ತುತ್ತಾನೆ. ಅವನ ಕೈ ಗುಂಡಿಯ ಮೇಲೇ ಇರುವುದರಿಂದ ಅವನಿಗೆ ಅಪಾಯವಿಲ್ಲ. ಹಿಂದಿರುವವನು ಒತ್ತಿ ಮುಗಿದ ಭಾಗವನ್ನು ಎತ್ತಿಕೊಳ್ಳುತ್ತಾನೆ. ಇಕ್ಕಳದಲ್ಲಿ ಎತ್ತಬೇಕೆಂಬುದು ನಿಯಮ, ಸಂಜೆಯೊಳಗೆ ಇಷ್ಟು ಆಗಬೇಕು ಎಂಬ ಒತ್ತಡದಲ್ಲಿ ಎತ್ತುವುದು ಕೈಯಲ್ಲೇ. ಹಿಂದುಗಡೆ ಇದ್ದ ಜಾಲರಿಯನ್ನು ಯಾವತ್ತೋ ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ. ಆದ್ದರಿಂದ ಹಳಬರು ತಮ್ಮತಮ್ಮಲ್ಲೇ ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ಹಿಂದಿನವನು ಕೈ ಹೊರಗೆ ತೆಗೆದು 'ಬುಡು' ಅನ್ನುವವರೆಗೆ ಮುಂದಿನವನು ಒತ್ತಬಾರದು. ಯಂತ್ರಗಳ ಸದ್ದಿನಲ್ಲಿ ಮಾತು ಕೇಳಿಸದಿದ್ದರೆ ಅವನ ತುಟಿ ನೋಡಬೇಕು, ಭುಜ ನೋಡಬೇಕು. ಹಸಿರು ದೀಪ ಯಂತ್ರದ ಮಾತು, ಬುಡು ಮನುಷ್ಯನ ಮಾತು, ಎರಡೂ ಆದಮೇಲೆ ಕೈ ಎಂದರು.

ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅವರ ವಿಡಿಯೊ ತೆರೆದೆ. ಮೊದಲ ಪರೀಕ್ಷೆಯಲ್ಲಿ ಕಂಪ್ರೆಸರ್ ನಿಂತಿದೆ, ನನ್ನ ಕೈ ನನ್ನ ಮಡಿಲಲ್ಲಿದೆ. ದೀಪ ಹೊತ್ತುತ್ತದೆ, ಅವರು ಒತ್ತುತ್ತಾರೆ. ಎರಡನೆಯದರಲ್ಲಿ ಮೇಜಿನ ಆ ಕಡೆಯಿಂದ ನನ್ನ ಬೆರಳು ಬಂದು ದೀಪದ ಪೆಟ್ಟಿಗೆಯ ಹಿಂದೆ ಕೂರುತ್ತದೆ. ಹಸಿರು ಹೊತ್ತುತ್ತದೆ. ಅವರ ಕಣ್ಣು ದೀಪದಿಂದ ನನ್ನ ಬೆರಳಿಗೆ, ಬೆರಳಿನಿಂದ ಮುಖಕ್ಕೆ ಹೋಗುತ್ತದೆ. ಆಮೇಲೆ ಒತ್ತುತ್ತಾರೆ. ನನ್ನ ಕೈ ಹಿಂದಕ್ಕೆ ಹೋದ ಕೆಲವು ಸಲ ನೋಡಿದೆ: ಅಲ್ಲಿ ಅವರ ಸಮಯ ನಾಲ್ಕುನೂರರ ಆಸುಪಾಸು. ಕೈ ಇದ್ದಾಗ ಏಳುನೂರು, ಎಂಟುನೂರು. ಒಂದೊಂದನ್ನೇ ನಿಲ್ಲಿಸಿ ನಿಲ್ಲಿಸಿ ನೋಡಿ ಎರಡು ಪಟ್ಟಿ ಮಾಡಿದೆ, ಕೈ ಇದ್ದವು ಮತ್ತು ಕೈ ಇಲ್ಲದವು. ಎರಡೂ ಒಂದಕ್ಕೊಂದು ಬೆರೆಯಲೇ ಇಲ್ಲ.

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಕಳೆಯುವ ಲೆಕ್ಕಕ್ಕೆ ಒಂದು ಷರತ್ತಿದೆ. ಒಂದು ಮೆಟ್ಟಿಲು ಸೇರಿಸಿದಾಗ ಉಳಿದ ಮೆಟ್ಟಿಲು ಇದ್ದ ಹಾಗೇ ಇರಬೇಕು. ನನಗೆ ಗೊತ್ತಿಲ್ಲದೆ ಅವರು ನನ್ನ ಪರೀಕ್ಷೆಗೆ ತಮ್ಮದೇ ಒಂದು ಮೆಟ್ಟಿಲು ಸೇರಿಸಿದ್ದರು, ಎದುರಿನವರ ಕೈ ಹೊರಗಿದೆಯೇ ಎಂದು ನೋಡುವುದು. ನಾನು ಅದನ್ನು ಕಣ್ಣಿನ ದೋಷ ಎಂದು ಬರೆದಿದ್ದೆ. ಪಟ್ಟಿಯಲ್ಲಿ ಮೊದಲಿದ್ದವನ ವಿವರ ತೆಗೆದೆ. ಇಪ್ಪತ್ತಾರರ ಯುವಕ, ಮೂರೂ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದು. ಕೆಂಪು ದೀಪಕ್ಕೆ ಸುಮ್ಮನಿರಬೇಕಾದ ಮೂವತ್ತು ಸಲದಲ್ಲಿ ಒಂಬತ್ತು ಸಲ ಒತ್ತಿದ್ದ. ಆ ಅಂಕಿ ಅವನನ್ನು ಅಳೆದ ದಿನದಿಂದ ನನ್ನ ಹತ್ತಿರವೇ ಇತ್ತು. ಸರಿಯಾಗಿ ಒತ್ತಿದ್ದನ್ನು ಮಾತ್ರ ಎಣಿಸಿದ್ದರಿಂದ ಪಟ್ಟಿಯಲ್ಲಿ ಅದು ಎಲ್ಲೂ ಬಂದಿರಲಿಲ್ಲ.

ಆಗಲೇ ಹೊಳೆದದ್ದು, ಬೆರಳು ಹೋದವನು ಹಿಂದೆ ನಿಂತವನೋ ಮುಂದೆ ನಿಂತವನೋ ಎಂದು ನಾನು ಕೇಳಿಯೇ ಇರಲಿಲ್ಲ. ಪ್ರೆಸ್ಸಿನ ಭಾರ ಒಮ್ಮೆ ಇಳಿಯತೊಡಗಿದರೆ ಎಂಥ ಚುರುಕಿನವನೂ ಕೈ ಎಳೆದುಕೊಳ್ಳಲಾರ. ಮುಂದೆ ನಿಂತವನ ಎರಡು ಕೈಯೂ ಗುಂಡಿಯ ಮೇಲಿರುತ್ತವೆ. ಅಂದಮೇಲೆ ಮಂದವಾಗಿದ್ದರಿಂದ ಬೆರಳು ಹೋಗುವುದು ಹೇಗೆ? ಯಾರೋ ಬೇಗ ಒತ್ತಿದ್ದರಿಂದ ಹೋಗಿರಬೇಕು. ಎರಡು ವಾರ ನಾವೆಲ್ಲ ಸೇರಿ ಉಲ್ಟಾ ಕಾಯಿಲೆಗೆ ಔಷಧಿ ಹುಡುಕಿದ್ದೆವು.

ಪ್ರಾಧ್ಯಾಪಕರಿಗೆ ಫೋನ್ ಮಾಡಿದೆ. ಪಟ್ಟಿಯನ್ನು ವಾಪಸ್ ತೆಗೆದುಕೊಳ್ಳಬೇಕು ಅಂದೆ. ಅಂತಿಮ ವರದಿಯಲ್ಲಿ ಒಂದು ಟಿಪ್ಪಣಿ ಸೇರಿಸಿದರೆ ಸಾಕಲ್ಲವೇ, ಕೊಟ್ಟದ್ದನ್ನು ನಾವೇ ತಪ್ಪು ಅಂದರೆ ಮುಂದೆ ಯಾರು ನಮ್ಮನ್ನು ಕರೆಯುತ್ತಾರೆ ಎಂದು ಕೇಳಿದರು. ಅಂತಿಮ ವರದಿ ಹೋಗಲು ಇನ್ನೂ ಒಂದು ವಾರವಿತ್ತು. ಆ ಒಂದು ವಾರ ದಿನಕ್ಕೆ ಎಷ್ಟು ಸಲ ಆ ಪ್ರೆಸ್ ಇಳಿಯುತ್ತದೆ, ಅದರ ಹಿಂದೆ ಯಾರ ಕೈ ಇರುತ್ತದೆ ಎಂಬುದನ್ನು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಟಿಪ್ಪಣಿ ಸಾಲುವುದಿಲ್ಲ ಸರ್ ಅಂದೆ. ನಿಮ್ಮ ಹೆಸರಿನಲ್ಲೇ ಬರೆಯಿರಿ ಹಾಗಾದರೆ ಅಂದರು. ಬರೆದೆ. ನಾನು ಕಳಿಸಿದ ಪಟ್ಟಿ ತಪ್ಪು, ಅದರ ಆಧಾರದ ಮೇಲೆ ಯಾರನ್ನೂ ಬದಲಿಸಬಾರದು, ಬದಲಿಸಿದ್ದರೆ ಇವತ್ತೇ ಅವರವರ ಜಾಗಕ್ಕೆ ಮರಳಿಸಬೇಕು. ನಾಲ್ಕು ಸಾಲು. ಕಳಿಸುವ ಗುಂಡಿಯ ಮೇಲೆ ನನ್ನ ಬೆರಳು, ಅಪರೂಪಕ್ಕೆ, ತಡಮಾಡಿತು.

ಮ್ಯಾನೇಜರ್ ಅಂದು ಊರಲ್ಲಿರಲಿಲ್ಲ. ಮರುದಿನ ಉತ್ತರ ಬಂತು: ವಿಷಯ ಪರಿಶೀಲನೆಯಲ್ಲಿದೆ. ನಾನು ಸಾಮಾನು ತೆಗೆದುಕೊಂಡು ಹೋಗುವ ಬದಲು ಕೋಣೆಯಲ್ಲೇ ಕೂತೆ. ಕೂತೆ ಎನ್ನುವುದೂ ಸುಳ್ಳು, ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದೆ. ಪ್ರೆಸ್ಸಿನ ಒಂದೊಂದು ಸದ್ದಿಗೂ ನಿಂತು ಕಿವಿಗೊಡುತ್ತಿದ್ದೆ. ಊಟದ ಬಿಡುವಿನಲ್ಲಿ ಆ ಯುವಕನನ್ನು ಕರೆಸಿ, ಎರಡನೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡೋಣ ಅಂದೆ. ಈ ಸಲ ತಪ್ಪಾಗಿ ಒತ್ತಿದಾಗಲೆಲ್ಲ ಒಂದು ಸಣ್ಣ ಬೀಪ್ ಬರುವಂತೆ ಮಾಡಿದ್ದೆ. ಅವನು ನಗುತ್ತಲೇ ಕೂತ. ಮೊದಲ ಬೀಪಿಗೆ ನಾಲಿಗೆ ಕಚ್ಚಿಕೊಂಡ. ಐದನೆಯದಕ್ಕೆ ನಗು ಹೋಯಿತು. ಎಂಟನೆಯದಕ್ಕೆ ಅವನೇ ಕೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಕೆಂಪು, ಹಸಿರು ತಮ್ಮ ಪಾಡಿಗೆ ಹೊತ್ತಿ ಆರುತ್ತಿದ್ದವು.

"ಅವ್ನ ಬೆರಳೋದ್ ದಿನಾನೂ ಇಂಗೇ ಆಗಿದ್ದು ಮೇಡಂ," ಅಂದ. "ನೈಟ್ ಶಿಫ್ಟ್ನಾಗೆ ಮುಂದೆ ನಾನೇ ಇದ್ದೆ. ಹಸ್ರು ಬಂತು, ಕೈ ಒಂಟೋಯ್ತು. ಅವ್ನು ಬುಡು ಅಂದಿರ್ಲಿಲ್ಲ. ಅಂದಂಗೆ ಕೇಳುಸ್ತು ಅಂತ ಎಲ್ರತ್ರಾನೂ ಏಳ್ಬುಟ್ಟೆ."

ಯಾರೂ ಅವನನ್ನು ಬೈದಿರಲಿಲ್ಲ, ಅದೇ ಅವನಿಗೆ ಕಷ್ಟವಾಗಿತ್ತು. ಪಟ್ಟಿಯಲ್ಲಿ ಮೊದಲು ಬಂದಾಗ ಸೂಪರ್‌ವೈಸರ್ ಬೆನ್ನು ತಟ್ಟಿದ್ದರಂತೆ. ಆ ದಿನದಿಂದ ಊಟ ಸೇರುತ್ತಿಲ್ಲ ಎಂದ. ನಾಳೆಯಿಂದ ಮುಂದೆ ನಿಲ್ಲುವುದಿಲ್ಲ, ಮಣಿಕಟ್ಟು ನೋವು ಅಂತ ಹೇಳುತ್ತೇನೆ ಎಂದೂ ಹೇಳಿದ. ಸುಳ್ಳು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಅವನು ಹೋದಮೇಲೆ ನಾಳೆಯಿಂದ ಆ ಗುಂಡಿಗಳ ಮೇಲೆ ಅವನ ಕೈ ಇರುವುದಿಲ್ಲ ಎಂದಷ್ಟೇ ಯೋಚಿಸಿ ಒಂದು ಲೋಟ ನೀರು ಕುಡಿದೆ. ಅವನು ಹೇಳಿದ್ದನ್ನು ವರದಿಯಲ್ಲಿ ಬರೆಯಲಿಲ್ಲ. ಅದನ್ನು ಹೇಳುವ ಹಕ್ಕು ಅವನದು, ಮುಂದೆ ಅವನೇ ಹೇಳಿದ ಎಂದು ಕೇಳಿದೆ.

ಮ್ಯಾನೇಜರ್ ಶನಿವಾರ ಸಿಕ್ಕಿದರು. ಒಂದು ವಾರದ ಹಿಂದೆ ನಂಬರ್ ಕೊಟ್ಟಿರಿ, ಈಗ ಬೇಡ ಅನ್ನುತ್ತಿದ್ದೀರಿ, ಮೇಲಿನವರಿಗೆ ನಾನು ಏನು ಹೇಳಲಿ ಎಂದು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ವಿಡಿಯೊ ತೋರಿಸಿದೆ. ಅದು ಮೇಜು, ಪ್ರೆಸ್ ಅಲ್ಲ, ಅಲ್ಲಿ ಅವರು ನಿಧಾನ ಅನ್ನುವುದಂತೂ ನಿಜವಲ್ಲವೇ ಅಂದರು. ಹಾಗಾದರೆ ಪ್ರೆಸ್ಸಿನಲ್ಲೇ ಅಳೆಯೋಣ ಅಂದೆ. ಮರುದಿನ ಭಾನುವಾರ, ಯಂತ್ರಗಳಿಗೆ ಎಣ್ಣೆ ಹಾಕಿ ಸರ್ವಿಸ್ ಮಾಡುವ ದಿನ, ಎಲ್ಲ ನಿಂತಿರುತ್ತವೆ. ಅವರು ಗಡಿಯಾರ ನೋಡಿಕೊಂಡು ಒಂದು ಗಂಟೆ ಕೊಡುತ್ತೇನೆ ಅಂದರು.

ಭಾನುವಾರ ಬೆಳಿಗ್ಗೆ ಪ್ರೆಸ್ ವಿಭಾಗ ಅಷ್ಟು ನಿಶ್ಶಬ್ದವಾಗಿತ್ತು ಅಂದರೆ ಚಪ್ಪಲಿಯ ಸದ್ದೂ ಕೇಳುತ್ತಿತ್ತು. ದೊಡ್ಡ ಪ್ರೆಸ್ಸಿನ ಮೋಟಾರಿನ ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈಯನ್ನು ಮ್ಯಾನೇಜರ್ ಜೇಬಿಗೆ ಹಾಕಿಕೊಂಡರು. ನನ್ನ ದೀಪದ ಪೆಟ್ಟಿಗೆಯನ್ನು ಯಂತ್ರದ ಎದೆಗೆ ಕಟ್ಟಿ, ಅದರ ಗುಂಡಿಗಳಿಗೆ ನನ್ನ ವೈರ್ ಸಿಕ್ಕಿಸಿದೆ. ಹಿರಿಯರು ಮುಂದೆ ನಿಂತರು, ಅವರ ಜೊತೆಗಾರ ಹಿಂದೆ. ಜೊತೆಗಾರ ಹೆಚ್ಚು ಮಾತಿನವರಲ್ಲ. ಅವರು ಕೈ ಒಳಗೆ ಇಡುವ ಜಾಗದಲ್ಲಿ ಒಂದು ಚಪ್ಪಟೆ ಸ್ವಿಚ್ ಅಂಟಿಸಿದ್ದೆ. ಅವರು ಕೈ ಎತ್ತಿದ ಕ್ಷಣದಿಂದ ಸಮಯ ಶುರು. ನಡುನಡುವೆ, ಅವರ ಕೈ ಒಳಗಿರುವಾಗಲೇ ಹಸಿರು ದೀಪ ಸುಮ್ಮನೆ ಹೊತ್ತುವಂತೆಯೂ ಮಾಡಿದ್ದೆ.

ಕೈ ಮೇಲೆದ್ದಿತು, ಬುಡು, ಒತ್ತಿದರು. ಕೈ ಮೇಲೆದ್ದಿತು, ಬುಡು, ಒತ್ತಿದರು. ಮುನ್ನೂರ ಹತ್ತು, ಮುನ್ನೂರು, ಮುನ್ನೂರ ಇಪ್ಪತ್ತು. ಯುವಕರಿಗಿಂತ ತುಸು ನಿಧಾನವೇ, ಅದನ್ನು ನಾನು ವರದಿಯಲ್ಲಿ ಮುಚ್ಚಿಟ್ಟಿಲ್ಲ. ಕೈ ಒಳಗಿರುವಾಗ ಹಸಿರು ಹೊತ್ತಿದ್ದು ಇಪ್ಪತ್ತು ಸಲ. ಒಂದು ಸಲವೂ ಒತ್ತಲಿಲ್ಲ. ಮ್ಯಾನೇಜರ್ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಅಂಕಿಗಳನ್ನು ನೋಡುತ್ತಿದ್ದರು. ಇವೆಲ್ಲ ಮೊದಲೇ ಹೇಳಿಕೊಟ್ಟ ಆಟ, ಅವರಿಗೆ ಗೊತ್ತಿದೆ ಪರೀಕ್ಷೆ ಅಂತ, ಎಚ್ಚರ ಇದ್ದೇ ಇರುತ್ತದೆ ಎಂದರು. ನಾನು ಮುಂದಿನ ಅಳತೆ ಶುರುಮಾಡಿದೆ.

ಗಂಟೆ ಮುಗಿಯಲು ಹತ್ತು ನಿಮಿಷ ಇತ್ತು. ಜೊತೆಗಾರರ ಮೊಬೈಲಿಗೆ ಮನೆಯಿಂದ ಕರೆ ಬಂತು, ಅವರು ಪಕ್ಕಕ್ಕೆ ಹೋದರು. ಇನ್ನು ಎಂಟು ಅಳತೆ ಬಾಕಿ. ಕಾಯಲಾಗದೆ ನಾನೇ ಹಿಂದೆ ಹೋಗಿ ಅವರ ಜಾಗದಲ್ಲಿ ನಿಂತೆ, ಮುಂದುವರಿಸೋಣ ಸರ್ ಅಂದೆ. ಎರಡು ಅಳತೆ ಸರಿಯಾಗಿ ಆಯಿತು. ಮೂರನೆಯದಕ್ಕೆ ದೀಪ ಮಿಣುಕಿತು. ಅದೇ ವೈರ್. ಆ ಭಾನುವಾರಕ್ಕೂ ನಾನು ಅದಕ್ಕೆ ಬೆಸುಗೆ ಹಾಕಿರಲಿಲ್ಲ. ಯೋಚನೆಯನ್ನೇ ಮಾಡದೆ ಬಗ್ಗಿ, ಪ್ರೆಸ್ಸಿನ ಒಳಗೆ ಮೊಣಕೈಯವರೆಗೆ ಕೈ ತೂರಿಸಿ, ಆ ಕಡೆಯ ವೈರನ್ನು ಬೆರಳಲ್ಲಿ ಒತ್ತಿ ಹಿಡಿದೆ. ಹಸಿರು ದೀಪ ಚೆನ್ನಾಗಿ ಹೊತ್ತಿಕೊಂಡಿತು. ಒತ್ತಿದ ಸದ್ದು ಬರಲಿಲ್ಲ. ನಾನು ಕಾದೆ, ಅಂದರೆ ನನ್ನ ಮಟ್ಟಿಗೆ ಕಾದೆ. ದೀಪ ಉರಿಯುತ್ತಲೇ ಇತ್ತು.

"ಒತ್ತಿ ಸರ್, ಹಸಿರಿದೆಯಲ್ಲ," ಅಂದೆ. "ಟೈಮ್ ಓಡ್ತಿದೆ."

ಅವರು ಎರಡೂ ಅಂಗೈಯನ್ನು ಗುಂಡಿಗಳಿಂದ ಎತ್ತಿ, ನನಗೆ ಕಾಣುವ ಹಾಗೆ ಮೇಲೆ ಹಿಡಿದರು.

"ನಿಮ್ ಕೈ ಒಳಗೈತೆ ಕಣಮ್ಮ," ಅಂದರು. "ತಗೀರಿ. ನಾ ಇಲ್ಲೇ ಇರ್ತೀನಿ."

ಮೋಟಾರಿಗೆ ಬೀಗ ಬಿದ್ದಿತ್ತು, ಆ ಯಂತ್ರ ಇಳಿಯುವ ಪ್ರಶ್ನೆಯೇ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ತಲೆ ಎತ್ತಿ ಮೇಲಿದ್ದ ಆ ಕಬ್ಬಿಣದ ಭಾರವನ್ನು ನೋಡಿದೆ. ಕೈ ಹೊರಗೆ ತೆಗೆದೆ. ಮ್ಯಾನೇಜರ್ ಲ್ಯಾಪ್‌ಟಾಪ್ ಬಿಟ್ಟು ನಮ್ಮ ಕಡೆ ತಿರುಗಿ ನಿಂತಿದ್ದರು. ಜೇಬಿನಲ್ಲಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡರು.

ಬುಧವಾರ ಹಿರಿಯರು ದೊಡ್ಡ ಪ್ರೆಸ್ಸಿನ ಮುಂದಕ್ಕೆ ವಾಪಸು ಬಂದರು. ಗೋಡೆಗೆ ಒರಗಿಸಿದ್ದ ಜಾಲರಿಯನ್ನು ಮತ್ತೆ ಕೂರಿಸಲು ಇನ್ನೂ ಒಂದು ತಿಂಗಳು ಹಿಡಿಯಿತು. ಆ ಯುವಕ ಈಗ ಅದೇ ಪ್ರೆಸ್ಸಿನ ಹಿಂದೆ ನಿಂತು ಕಲಿಯುತ್ತಿದ್ದಾನೆ, ಬುಡು ಅನ್ನುವ ಕಡೆ. ನಮ್ಮ ಪ್ರಯೋಗಾಲಯವನ್ನು ಆ ಕಡೆಯ ಬೇರೆ ಯಾವ ಕಾರ್ಖಾನೆಯೂ ಇದುವರೆಗೆ ಕರೆದಿಲ್ಲ, ಪ್ರಾಧ್ಯಾಪಕರು ಅದನ್ನು ಆಗಾಗ ನೆನಪಿಸುತ್ತಾರೆ. ವೈರ್‌ಗೆ ಬೆಸುಗೆ ಹಾಕಿದ್ದೇನೆ.

ಆ ಭಾನುವಾರದ ಕಡತ ನನ್ನ ಹತ್ತಿರ ಹಾಗೇ ಇದೆ. ನಾನು ಹಿಂದೆ ನಿಂತಾಗಿನ ಮೂರನೆಯ ಅಳತೆಯ ಎದುರು ಸಾಫ್ಟ್‌ವೇರ್ ತಾನಾಗಿ ಹೀಗೆ ಬರೆದುಕೊಂಡಿದೆ: ಸಂಕೇತ ಹಸಿರು, ಒತ್ತಲಿಲ್ಲ, ತಪ್ಪು. ಹಾಳಾದ ಅಳತೆಗಳನ್ನು ಅಳಿಸುವುದು ನಮ್ಮಲ್ಲಿ ವಾಡಿಕೆ. ಅದನ್ನು ಅಳಿಸಲು ನನಗೆ ಕೈ ಬರಲಿಲ್ಲ.